ಒಬ್ಬೊಬ್ಬರೇ ಕಲಿಯಬೇಕಾದ ಪಾಠ

ಸುಚಿತಾ ತಾಂಡೇಲಳಿಗೆ ಕೈಕೊಟ್ಟವರು ಪರವೂರಿನವರಾಗಿದ್ದರೆ ಅವಳು ನಾಲ್ಕು ದಿನ ಬೈದು ಸುಮ್ಮನಾಗುತ್ತಿದ್ದಳು. ಬೈಯುವುದರಲ್ಲಿ ಅವಳಿಗೇನೂ ಬಡತನವಿರಲಿಲ್ಲ. ಹೇಳಿಕೇಳಿ ಹೊನ್ನಾವರದ ಹತ್ತಿರದ ಕಾಸರಕೋಡಿನ ಬಂದರಿನ ಪಕ್ಕ ಹುಟ್ಟಿ ಬೆಳೆದ ಬಾಯಿ. ಆದರೆ ಕೈಕೊಟ್ಟವಳು ಅವಳದೇ ಕೇರಿಯ ಹುಡುಗಿ, ಅವಳ ಮನೆಯ ಜಗಲಿಯಲ್ಲೇ ಕೂತು ಮಗ್ಗಿ ಕಲಿತವಳು, ಜಟ್ಟನ ಮಗಳು ದೇವಿ. ಅದಕ್ಕೇ ಅದು ಗಂಟಲಿಗೆ ಸಿಕ್ಕ ಮೀನಿನ ಮುಳ್ಳಾಯಿತು. ನುಂಗಲೂ ಆಗದು, ಉಗುಳಲೂ ಆಗದು.

ಸುಚಿತಾ ಕುಮಟೆಯ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವಳು ಕಲಿಸುತ್ತಿದ್ದದ್ದು ಔಷಧದ ಲೆಕ್ಕ. ಇಷ್ಟು ತೂಕದ ಮಗುವಿಗೆ ಎಷ್ಟು ಮಿಲಿ ಇಂಜೆಕ್ಷನ್, ಬಾಟಲಿ ಇಷ್ಟು ಗಂಟೆಯಲ್ಲಿ ಇಳಿಯಬೇಕಾದರೆ ಡ್ರಿಪ್ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು, ಇಂಥವು. ಗುಣಾಕಾರ ಭಾಗಾಕಾರ ಬಂದರೆ ಆಯಿತು, ಅದರಲ್ಲೇನು ಮಹಾ ಎಂದು ನೀವು ಕೇಳಬಹುದು. ಶಾಲೆಯ ಲೆಕ್ಕ ತಪ್ಪಿದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಈ ಲೆಕ್ಕ ತಪ್ಪಿದರೆ ಮಂಚದ ಮೇಲಿರುವ ಜೀವವೇ ಹೋಗುತ್ತದೆ.

ತರಗತಿ ಬೆಳಿಗ್ಗೆ ಎಂಟಕ್ಕೆ. ಹುಡುಗಿಯರು ಬರುವುದು ಭಟ್ಕಳ, ಶಿರಾಲಿ, ಹೊನ್ನಾವರದ ಕಡೆಯಿಂದ. ಬಸ್ಸು ಸಿಕ್ಕಿದರೆ ಸೀಟಿಲ್ಲ, ಸೀಟಿದ್ದರೆ ಬಸ್ಸೇ ಇಲ್ಲ. ಅರ್ಧ ಜನಕ್ಕೆ ವಾರ್ಡಿನ ಪಾಳಿ ಬೇರೆ. ದೇವಿಗಂತೂ ಬೆಳಗಾದರೆ ಅಮ್ಮ ಗಂಗಿಯ ಜೊತೆ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಇಳಿಸಿ ಬರಬೇಕು. ಅವಳು ಓಡೋಡಿ ಬಂದು ಬಾಗಿಲಲ್ಲಿ ನಿಲ್ಲುವಾಗ ಹಲಗೆಯ ಮೇಲಿನ ಲೆಕ್ಕ ಅರ್ಧ ದಾಟಿರುತ್ತಿತ್ತು. ಅರ್ಧದಿಂದ ಲೆಕ್ಕ ಕೇಳಿದವರಿಗೆ ಏನು ತಿಳಿದೀತು, ಮಣ್ಣು? ಆ ಹುಡುಗಿಯ ಸಪ್ಪೆ ಮೋರೆ ನೋಡಲಾಗದೆಯೇ ಸುಚಿತಾ ಈ ಕಂಪ್ಯೂಟರ್ ಪಾಠದ ಉಸಾಬರಿಗೆ ಇಳಿದದ್ದು.

ಇಡೀ ಬೇಸಿಗೆ ರಜೆ ಅದಕ್ಕೇ ಹೋಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದು ಸ್ಲೈಡನ್ನೂ ತಾನೇ ಕೂಡಿಸಿದಳು. ಸಿರಿಂಜಿನ ಚಿತ್ರ ಬಿಡಿಸಿ ಅದರ ಗೆರೆಗಳಿಗೆ ಬಣ್ಣ ಹಚ್ಚಿದಳು, ಹನಿ ಟಪ್ ಟಪ್ ಬೀಳುವ ಹಾಗೆ ಮಾಡಿದಳು, ಮೇಲೆ ತನ್ನ ದನಿ ಸೇರಿಸಿದಳು. ದನಿ ಸೇರಿಸುವುದಂತೂ ಬೇಡವೇ ಬೇಡ ಎನ್ನಿಸುವ ರಗಳೆ. ಹೊರಗೆ ಒಣಮೀನು ಹರಡಿದ ಅಂಗಳ, ಕಾಗೆಗಳು ಸುಮ್ಮನಿರುತ್ತವೆಯೇ? ಕಿಟಕಿ ಬಾಗಿಲು ಮುಚ್ಚಿ, ಸದ್ದಾಗುತ್ತದೆಂದು ಫ್ಯಾನೂ ಆರಿಸಿ, ಆ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಒಂದೇ ಮಾತನ್ನು ಹತ್ತು ಸಲ ಹೇಳುತ್ತಿದ್ದಳು. ಅಪ್ಪ ವೆಂಕಟ ಬಾಗಿಲಿಗೆ ಕಿವಿಗೊಟ್ಟು, “ಎಂತಾ ಆತೇ ನಿಂಗೆ? ಗೋಡೆ ಸಂಗಡ ಮಾತಾಡೂಕೆ ಶುರು ಮಾಡಿದ್ಯಲ್ಲ!” ಎಂದು ಗಾಬರಿಯಾಗಿದ್ದ.

ಪಾಠ ಮಾತ್ರ ಚೆಂದವಾಗಿ ಬಂತು. ನಡುನಡುವೆ ನಿಂತು ಪ್ರಶ್ನೆ ಕೇಳುತ್ತಿತ್ತು. ಉತ್ತರ ಹಾಕದೆ ಮುಂದಕ್ಕೆ ಹೋಗದು. ತಪ್ಪಿದರೆ ಸುಚಿತಾಳ ದನಿ, “ಇಲ್ಲ ಕಣೆ, ಇನ್ನೊಂದ್ಸಲ ನೋಡು” ಎನ್ನುತ್ತಿತ್ತು. ಯಾವ ಹೊತ್ತಿಗೆ ಬೇಕಾದರೂ, ಎಷ್ಟು ಸಲ ಬೇಕಾದರೂ ಕೇಳಬಹುದು. ಒಬ್ಬೊಬ್ಬರ ಮೊಬೈಲಿನಲ್ಲಿ ಒಂದೊಂದು ಅಂಕಿ ಬರುವ ಹಾಗೆ ಮಾಡಿದ್ದರಿಂದ ಒಬ್ಬಳ ಉತ್ತರ ಇನ್ನೊಬ್ಬಳ ಕೆಲಸಕ್ಕೆ ಬಾರದು. ಯಾರು ಎಲ್ಲಿ ಎಡವಿದರು ಎಂಬುದು ಇವಳ ಲ್ಯಾಪ್‌ಟಾಪಿಗೆ ಬಂದು ಬೀಳುತ್ತಿತ್ತು. ಪ್ರತಿ ಪಾಠದಲ್ಲೂ ಅವಳದೊಂದು ಮಾತು ಇದ್ದೇ ಇರುತ್ತಿತ್ತು: “ಮೊದಲು ಕಣ್ಣಳತೆ, ಆಮೇಲೆ ಲೆಕ್ಕ. ತಕ್ಕಡಿಗೆ ಹಾಕುವ ಮೊದಲು ಬುಟ್ಟಿ ಎತ್ತಿ ನೋಡುತ್ತೇವಲ್ಲ, ಹಾಗೆ. ಉತ್ತರ ಸುಮಾರು ಎಷ್ಟು ಬರಬಹುದು ಎಂದು ಅಂದಾಜು ಮಾಡಿಕೊಳ್ಳಿ.” ಮೊದಲ ಪಾಠದಲ್ಲಿ ಇನ್ನೊಂದು ಮಾತನ್ನೂ ಹುರುಪಿನಲ್ಲಿ ಹೇಳಿಬಿಟ್ಟಿದ್ದಳು: “ನಾವು ರಂಪಣಿ ಎಳೆದ ಜನ. ಜ್ವರ ಬಂದು ಮನೆಯಲ್ಲಿ ಮಲಗಿದವನಿಗೂ ಪಾಲು ಕಳಿಸಿದ ಜನ. ಬಸ್ಸು ತಪ್ಪಿದವರಿಗೂ ಈ ಪಾಠದಲ್ಲಿ ಪಾಲುಂಟು.” ರಂಪಣಿಯೆಂದರೆ ಊರಿಗೆ ಊರೇ ದಡದಲ್ಲಿ ನಿಂತು ಹಗ್ಗ ಹಿಡಿದೆಳೆಯುವ ಮೈಲುದ್ದದ ಬಲೆ. ಬಿದ್ದ ಮೀನು ಎಲ್ಲರಿಗೂ ಹಂಚಿಕೆ.

ಶಾಲೆಯ ಪ್ರಾಂಶುಪಾಲ ನಾಗಪತಿ ಹೆಗಡೆಯವರಿಗೆ ಇದು ಹಿಡಿಸಲಿಲ್ಲ. ಹಾಗೆಂದು ಅವರನ್ನು ಖಳನಾಯಕ ಮಾಡಬೇಡಿ. ಪಾಪ, ಹೇಳಬೇಕಾದ್ದನ್ನು ಮುಖಕ್ಕೆ ಹೇಳುವ ಮನುಷ್ಯ.

“ಸುಚಿತಾ ಮೇಡಂ, ಎದುರಿಗೆ ಕೂತಾಗಲೇ ತೂಕಡಿಸೋ ಮಕ್ಕಳು. ಕಣ್ಣಿಗೆ ಬೀಳದಿದ್ದಾಗ ಕಲೀತಾರೆ ಅಂತ ಹೇಗೆ ನಂಬ್ತೀರಿ?”

“ಕಲೀತಾರೆ ಸರ್. ನಂಬಿದ್ರೆ ಕಲೀತಾರೆ.”

“ಆತು. ಸೆಪ್ಟೆಂಬರಲ್ಲಿ ಹೊರಗಿನ ಪರೀಕ್ಷಕರು ಬತ್ರು. ಅವರೆದುರಿಗೆ ಮಕ್ಕಳು ತಾವಾಗಿ ಲೆಕ್ಕ ಮಾಡಿ ತೋರಿಸಲಿ. ಮಾಡಿದ್ರೆ ಎಲ್ಲ ವರ್ಷದವರಿಗೂ ನಿಮ್ಮ ಪಾಠವನ್ನೇ ಇಡೋಣ. ಇಲ್ಲ ಅಂದ್ರೆ ಈ ಆಟ ಬಂದ್. ಸೀಮೆಸುಣ್ಣ ಹಿಡಿದು ಎಂಟು ಗಂಟೆಗೆ ನಿಲ್ಲಬೇಕು.”

ಸುಚಿತಾ ಒಪ್ಪಿದಳು. ಒಪ್ಪದೆ ಏನು? ಜೂನಿನಿಂದ ಉತ್ತರಗಳು ಬರತೊಡಗಿದವು, ಎಲ್ಲರದೂ ಸರಿ. ತೂಕದ ಲೆಕ್ಕ ಸರಿ, ಇಂಜೆಕ್ಷನ್ ಸರಿ, ಡ್ರಿಪ್ಪೂ ಸರಿ. ಅವಳು ಹಿಗ್ಗಿ ಹೀರೇಕಾಯಿಯಾದಳು. ಕಲಿಯುವವರು ಒಂದಾದರೂ ತಪ್ಪು ಮಾಡದೆ ಕಲಿಯುತ್ತಾರೆಯೇ, ಆ ಯೋಚನೆಯೇ ಹೊಳೆಯಲಿಲ್ಲ ಅವಳಿಗೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಳ್ಳಲ್ಲ.

ಪರೀಕ್ಷೆಗೆ ಇನ್ನೊಂದು ವಾರವಿತ್ತು. ಸುಚಿತಾ ದಿನಾ ಸ್ಕೂಟರಿನಲ್ಲಿ ಹೋಗುವವಳು. ಆ ದಿನ ಮಾತ್ರ ಭಟ್ಕಳದ ಸೋದರತ್ತೆಯ ಮನೆಯಿಂದ ನೇರ ಕುಮಟೆಗೆ ಬಸ್ಸು ಹಿಡಿದಳು. ಹಿಂದಿನ ಸೀಟು ಸಿಕ್ಕಿತು. ಶಿರಾಲಿಯಲ್ಲಿ ಅವಳ ತರಗತಿಯ ಪ್ರಿಯಾ ಮತ್ತೆ ನಾಲ್ಕೈದು ಹುಡುಗಿಯರು ಹತ್ತಿದರು. ನಿಂತ ಜನರ ನಡುವೆ ಇವಳು ಅವರಿಗೆ ಕಾಣಲಿಲ್ಲ. ಕಾಸರಕೋಡಿನಲ್ಲಿ ದೇವಿ ಹತ್ತಿದಳು. ಅವಳು ಕೂರುತ್ತಲೇ ಪ್ರಿಯಾ ಒಂದು ಬಟ್ಟೆಚೀಲವನ್ನು ಅವಳ ಮಡಿಲಿಗೆ ಹಾಕಿದಳು. ಚೀಲದ ತುಂಬ ಮೊಬೈಲು!

ಜನರ ತಲೆಗಳ ಸಂದಿಯಲ್ಲಿ ಸುಚಿತಾ ನೋಡಿದಳು. ದೇವಿ ಒಂದೊಂದೇ ಮೊಬೈಲು ತೆಗೆದು, ಅಂಕಿ ನೋಡಿ, ಟಕಟಕ ಉತ್ತರ ಒತ್ತಿ ಪಕ್ಕಕ್ಕೆ ದಾಟಿಸುತ್ತಿದ್ದಳು. ಪರದೆಯಲ್ಲಿ ಸುಚಿತಾಳೇ ಬಣ್ಣ ಹಚ್ಚಿದ ಬಾಟಲಿ, ಹನಿ. ಆದರೆ ದನಿಯೇ ಇಲ್ಲ. ಎಲ್ಲ ಮೊಬೈಲುಗಳಲ್ಲೂ ದನಿ ಬಂದ್ ಮಾಡಿಟ್ಟಿದ್ದರು. ಉಳಿದವರು ಸೀಟಿಗೆ ತಲೆ ಆನಿಸಿ ನಿದ್ದೆ ಹೊಡೆಯುತ್ತಿದ್ದರು. ಸುಚಿತಾ ಆ ಸೆಕೆಯಲ್ಲಿ ಫ್ಯಾನ್ ಆರಿಸಿ ಕೂತದ್ದು ಇದಕ್ಕಾಗಿಯೇ?

ಕುಮಟೆಯ ಬಸ್ ನಿಲ್ದಾಣದಲ್ಲಿ ಇಳಿದದ್ದೇ ಅವಳು ದೇವಿಯ ತೋಳು ಹಿಡಿದಳು.

“ಎಂತಾ ಇದು?”

ದೇವಿ ಬೆಚ್ಚಿದಳು. ಮತ್ತೆ ನಗಲು ನೋಡಿದಳು. “ಅಯ್ಯೋ, ಸುಚಿತಕ್ಕ! ನೀವು ಈ ಬಸ್ಸಲ್ಲಾ?”

“ಕೇಳಿದ್ದಕ್ಕೆ ಹೇಳು.”

“ಕದ್ದದ್ದಲ್ಲ ಅಕ್ಕ. ಪಾಲು ಹಾಕ್ಕಂಡದ್ದು. ಒಬ್ಬೊಬ್ಳಿಗೆ ಒಂದೊಂದು ಪಾಠ. ತೂಕದ ಲೆಕ್ಕ ಪ್ರಿಯಾಂದು, ಡ್ರಿಪ್ ನಂದು. ಯಾರ ಪಾಠವೋ ಅವ್ರು ಎಲ್ಲರ ಮೊಬೈಲಿಗೂ ಉತ್ತರ ಹಾಕೂದು. ವಾರ್ಡಿಂದ ಬಂದವ್ರಿಗೆ ಕಣ್ಣು ಬಿಡೂಕೆ ಆಗೂದಿಲ್ಲ, ಅವ್ರು ಯಾವಾಗ ಕಲಿಯೂದು? ರಂಪಣಿಲಿ ಎಲ್ಲರೂ ದೋಣಿ ಹತ್ತೂದಿಲ್ಲ, ಆದ್ರೆ ಎಲ್ಲರಿಗೂ ಪಾಲುಂಟು. ನೀವೇ ಹೇಳಿದ್ದಲ್ದಾ?”

ಆ ಮಾತಿನಲ್ಲಿ ಕಪಟವಿರಲಿಲ್ಲ, ಅದೇ ದೊಡ್ಡ ತಲೆನೋವು. ಬಡ್ಡಿಮಕ್ಕಳು ಇವಳದೇ ಮಾತನ್ನು ಇವಳ ತಲೆಯ ಮೇಲೇ ತಂದು ಹಾಕಿದ್ದರು.

“ಮೀನು ಹಂಚ್ಕಂಬೂದು, ಬುದ್ಧಿ ಹಂಚ್ಕಂಬೂದಲ್ಲ!” ಸುಚಿತಾಳ ದನಿ ಏರಿತು. ನಿಲ್ದಾಣದಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. “ನಾಳೆ ವಾರ್ಡಲ್ಲಿ ಪ್ರಿಯಾ ಒಬ್ಳೇ ಇರ್ತಾಳೆ. ಡ್ರಿಪ್ ಹಾಕ್ಬೇಕು. ಆಗ ನಿನ್ನನ್ನು ಕಾಸರಕೋಡಿಂದ ಕರೆಸ್ತಾಳಾ? ರೋಗಿ ಅಷ್ಟು ಹೊತ್ತು ಕಾಯ್ತಾನಾ?”

ದೇವಿಯ ನಗು ಇಳಿಯಿತು. ಪ್ರಿಯಾ ಕಾಲ್ಬೆರಳು ನೋಡುತ್ತ ನಿಂತಳು. ಸುಚಿತಾ ತುಟಿ ಕಚ್ಚಿ ಯೋಚಿಸಿದಳು. ಹೆಗಡೆಯವರಿಗೆ ಹೇಳಿದರೆ ಇದು ನಕಲು. ಹುಡುಗಿಯರಿಗೆ ಒಂದು ವರ್ಷ ಹೋಗುತ್ತದೆ. ಹೇಳದಿದ್ದರೆ ಇನ್ನೂ ಒಂದು ವಾರವಿದೆ.

“ಹೇಳೂದಿಲ್ಲ ಸರ್‌ಗೆ. ಆದ್ರೆ ಇವತ್ತಿಂದ ಒಬ್ಬೊಬ್ರೇ ಕೂತು ಮೊದಲಿಂದ ಮಾಡ್ಬೇಕು. ನೀನು ಜವಾಬ್ದಾರಿ. ಆತಾ?”

“ಆತು ಅಕ್ಕ. ದೇವ್ರಾಣೆ. ಇನ್ನು ಒಬ್ಬೊಬ್ರೇ.” ದೇವಿ ಅವಳ ಕೈಯನ್ನೇ ಹಿಡಿದು ಹೇಳಿದಳು.

ಅದೇ ದಿನ ಮಧ್ಯಾಹ್ನ ಹೆಗಡೆಯವರು ಎದುರಾಗಿ, “ಎಂತ ಮೇಡಂ, ಹುಡುಗೀರು ತಾವೇ ಮಾಡ್ತಿದ್ದಾರೋ, ಒಬ್ಬರದು ಒಬ್ಬರು ನೋಡಿ ಹಾಕ್ತಿದ್ದಾರೋ?” ಎಂದು ಕೇಳಬೇಕೇ! ಸುಚಿತಾ, “ತಾವೇ ಮಾಡ್ತಿದ್ದಾರೆ ಸರ್. ಅದಕ್ಕೆ ನಾನು ಜವಾಬ್ದಾರಿ” ಎಂದಳು. ಹುಟ್ಟಿದಂದಿನಿಂದ ಅಂಥ ಸುಳ್ಳನ್ನು ಅವಳು ತನಗಾಗಿ ಹೇಳಿದವಳಲ್ಲ.

ಆ ವಾರ ಲ್ಯಾಪ್‌ಟಾಪಿಗೆ ಬಂದ ಉತ್ತರಗಳನ್ನು ನೋಡಿ ಅವಳಿಗೆ ಕಣ್ಣು ತುಂಬಿ ಬಂತು. ಯಾಕೆಂದರೆ ಈಗ ತಪ್ಪುಗಳಿದ್ದವು! ಒಬ್ಬಳು ಬೆಳಿಗ್ಗೆ ಹಾಕಿದ್ದಳು, ಇನ್ನೊಬ್ಬಳು ಸಂಜೆ. ಪ್ರಿಯಾ ಡ್ರಿಪ್ಪಿನ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿ, ಮೂರನೆಯ ಸಲಕ್ಕೆ ಸರಿಮಾಡಿದ್ದಳು. ಕಲಿಯುವ ಮಕ್ಕಳ ಲಕ್ಷಣ ಇದೇ ಅಲ್ಲವೇ? ದೇವಿ ಮಾತಿಗೆ ನಿಂತಳು ಎಂದು ಸುಚಿತಾ ಗಂಗಿಯ ಎದುರು ಮಗಳನ್ನು ಬಾಯ್ತುಂಬ ಹೊಗಳಿ ಬಂದಳು.

ಪರೀಕ್ಷೆಯ ದಿನ ಹುಬ್ಬಳ್ಳಿಯಿಂದ ಬಂದ ಪರೀಕ್ಷಕಿ ಗತ್ತಿನ ಹೆಂಗಸು. ಮಂಚದ ಮೇಲೆ ಗೊಂಬೆ ರೋಗಿ, ಪಕ್ಕದಲ್ಲಿ ಬಾಟಲಿ. ಐನೂರು ಮಿಲಿ ಐದು ಗಂಟೆಯಲ್ಲಿ ಇಳಿಯಬೇಕು, ಒಂದು ಮಿಲಿಗೆ ಹದಿನೈದು ಹನಿ, ನಿಮಿಷಕ್ಕೆ ಎಷ್ಟು ಬಿಡುತ್ತೀ ಎಂಬುದು ಪ್ರಶ್ನೆ. ಮೊದಲು ಪ್ರಿಯಾ. ಬಹಳ ಹೊತ್ತು ಗೀಚಿ, ಬೆವರಿ, “ಸಾವಿರದೈನೂರು” ಎಂದಳು.

“ನಿಮಿಷಕ್ಕ ಸಾವಿರದೈನೂರಾ? ಅದು ಡ್ರಿಪ್ ಅಲ್ಲವ್ವಾ, ನಳ ಬಿಟ್ಟಂಗ ಆತು!” ಪರೀಕ್ಷಕಿ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಹಿಂದೆ ನಿಂತಿದ್ದ ಹೆಗಡೆಯವರ ಮುಖ ಬಿಗಿಯಿತು.

ಸುಚಿತಾಳಿಗೆ ತಡೆಯಲಾಗಲಿಲ್ಲ. “ಪ್ರಿಯಾ, ಮೊನ್ನೆ ಇದನ್ನೇ ಸರಿ ಮಾಡಿದ್ಯಲ್ಲೇ?” ಎಂದು ಪಿಸುಗುಟ್ಟಿದಳು. ಪ್ರಿಯಾ ಕತ್ತು ತಿರುಗಿಸಿ ದೇವಿಯ ಮುಖ ನೋಡಿದಳು. ಅಷ್ಟು ಸಾಕಾಯಿತು. ಆ ಎರಡು ತಪ್ಪು, ಮೂರನೆಯ ಸರಿ, ಬೆಳಿಗ್ಗೆ ಸಂಜೆಯ ಹೊತ್ತು ಎಲ್ಲವೂ ಒಂದೇ ಕೈಯ ಕೆಲಸ. ಇವಳನ್ನು ನಂಬಿಸಲು ದೇವಿ ತಪ್ಪನ್ನೂ ಲೆಕ್ಕ ಹಾಕಿ ಮಾಡಿದ್ದಳು. ಒಬ್ಬೊಬ್ಬಳಾಗಿ ಹುಡುಗಿಯರು ಬಂದರು, ತಪ್ಪಿದರು, ಹೋದರು.

ಕೊನೆಗೆ ದೇವಿ. ಹಾಳೆಯನ್ನೂ ಮುಟ್ಟಲಿಲ್ಲ ಅವಳು.

“ಮೊದಲು ಕಣ್ಣಳತೆ, ಆಮೇಲೆ ಲೆಕ್ಕ. ಐದು ಗಂಟೆಗೆ ಐನೂರು, ಅಂದ್ರೆ ಗಂಟೆಗೆ ನೂರು ಮಿಲಿ. ನೂರು ಮಿಲಿಗೆ ಸಾವಿರದೈನೂರು ಹನಿ. ಅದನ್ನು ಅರವತ್ತು ನಿಮಿಷಕ್ಕೆ ಹಂಚಿದ್ರೆ ನಿಮಿಷಕ್ಕೆ ಇಪ್ಪತ್ತೈದು.” ಹೇಳುತ್ತಲೇ ಬಾಟಲಿಯ ಕೊಳವೆಯಲ್ಲಿನ ಚಕ್ರ ತಿರುಗಿಸಿ, ಕೈಗಡಿಯಾರ ನೋಡುತ್ತ ಹನಿ ಎಣಿಸಿ ಸರಿಮಾಡಿದಳು. ಪರೀಕ್ಷಕಿ ಏನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಮಗುವಿನ ತೂಕದ ಲೆಕ್ಕ, ಇಂಜೆಕ್ಷನ್ ಲೆಕ್ಕ, ಯಾವುದೂ ಬಿಡಲಿಲ್ಲ. ಎಲ್ಲರ ಪಾಲನ್ನೂ ತಾನೇ ಹೊತ್ತ ಆ ವಾರದಲ್ಲಿ ಎಲ್ಲ ಪಾಠವನ್ನೂ ದನಿ ಸಮೇತ ಕೇಳಿ ಕಲಿತವಳು ಅವಳೊಬ್ಬಳೇ. ಅಷ್ಟು ಸಂಕಟದಲ್ಲೂ ಸುಚಿತಾಳ ಎದೆ ಉಬ್ಬಿತು. ಒಬ್ಬಳಿದ್ದಾಳಲ್ಲ, ಈ ಪಾಠದಿಂದ ತಾನಾಗಿ ಕಲಿಯಬಹುದು ಎನ್ನುವುದಕ್ಕೆ ಜೀವಂತ ಸಾಕ್ಷಿ! ಆ ಒಬ್ಬಳನ್ನೇ ಮುಂದಿಟ್ಟುಕೊಂಡು ಹೆಗಡೆಯವರ ಹತ್ತಿರ ಇನ್ನೊಂದು ಅವಕಾಶ ಕೇಳಬಹುದು ಎಂದುಕೊಂಡಳು.

ಪರೀಕ್ಷಕಿ ಹೋದ ಮೇಲೆ ಹೆಗಡೆಯವರು ಎಲ್ಲರನ್ನೂ ಕೋಣೆಗೆ ಕರೆಸಿದರು. ಹುಡುಗಿಯರು ಗೋಡೆಗುಂಟ ಸಾಲಾಗಿ ನಿಂತರು.

“ಮನೇಲಿ ಎಲ್ಲ ಸರಿ, ಇಲ್ಲಿ ಎಲ್ಲ ತಪ್ಪು. ಹೇಗೆ ಇದು? ನಕಲು ಮಾಡಿದ್ರಾ?”

ಸುಚಿತಾ ದೇವಿಯನ್ನು ನೋಡಿದಳು. ಹೇಳುತ್ತಾಳೆ, ಈಗ ಹೇಳುತ್ತಾಳೆ, ನಮ್ಮ ಕೇರಿಯ ಜಟ್ಟನ ಮಗಳು ಅಲ್ಲವೇ. ದೇವಿ ಒಂದು ಹೆಜ್ಜೆ ಮುಂದೆ ಬಂದಳು.

“ನಕಲಲ್ಲ ಸರ್. ಮೇಡಂ ಎದುರಿಗೆ ಕೂತು ಹೇಳ್ಕೊಡ್ಲೇ ಇಲ್ಲ. ಮೊಬೈಲಿಗೆ ಹಾಕಿ ಬಿಟ್ರು. ಅದ್ರಲ್ಲಿ ಯಾರಿಗೂ ಎಂತದೂ ತಿಳೀಲಿಲ್ಲ. ಸುಮ್ನೆ ಯಾವ್ದೋ ಅಂಕಿ ಒತ್ತಿ ಒತ್ತಿ ಮುಂದೆ ಹೋಗ್ತಿದ್ದೊ.”

ಸಾಲಿನಲ್ಲಿ ತಲೆಗಳು ಒಂದೊಂದಾಗಿ ಹೌದೆಂದು ಆಡಿದವು. ಪ್ರಿಯಾಳದೂ.

“ನಿನಗೆ ಬಂತಲ್ಲ?” ಹೆಗಡೆಯವರು ಕೇಳಿದರು.

“ನಾನು ಪುಸ್ತಕ ಓದಿ ಕಲ್ತದ್ದು ಸರ್.”

ಸುಚಿತಾಳಿಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. “ಯಾವ ಪುಸ್ತಕನೇ? ಮೊದಲು ಕಣ್ಣಳತೆ ಅಂತ ಯಾವ ಪುಸ್ತಕದಲ್ಲಿ ಬರೆದಿದ್ಯೇ? ನನ್ನ ಮುಖ ನೋಡಿ ಹೇಳು!” ಪ್ರಾಂಶುಪಾಲರ ಕೋಣೆ ಎಂಬುದನ್ನೂ ಮರೆತು ಕೂಗಿದಳು.

ದೇವಿ ಅವಳ ಮುಖ ನೋಡಿದಳು. ನೋಡಿಯೇ ಹೇಳಿದಳು. “ಪುಸ್ತಕ ಓದಿ ಕಲ್ತದ್ದು, ಮೇಡಂ.”

ಆಗ ಸುಚಿತಾ ಎಲ್ಲವನ್ನೂ ಕಕ್ಕಿದಳು. ಬಸ್ಸು, ಚೀಲ, ಮೊಬೈಲು, ಪಾಲು, ಆಣೆ. ಹೆಗಡೆಯವರು ಕೊನೆಯವರೆಗೂ ಕೇಳಿದರು. ಕೇಳಿ, ಬೇಸರದಲ್ಲೇ ಅಂದರು: “ಮೇಡಂ, ಹೋದ ವಾರ ನಾನು ಇದನ್ನೇ ಕೇಳಿದ್ದೆ. ಜವಾಬ್ದಾರಿ ನಂದು ಅಂದವರು ನೀವು. ಇವತ್ತು ಫಲಿತಾಂಶ ಕೆಟ್ಟ ಕೂಡಲೆ ಮಕ್ಕಳು ಕಳ್ಳರಾದರಾ? ಯಾವುದು ನಿಜ, ಯಾವುದು ಸುಳ್ಳು ಅಂತ ನಾನು ತಿಳೀಲಿ?” ಹುಡುಗಿಯರನ್ನು ಉಳಿಸಲು ಹೇಳಿದ ಸುಳ್ಳೇ ಈಗ ಸುಚಿತಾಳ ನಿಜವನ್ನು ನುಂಗಿ ನೀರು ಕುಡಿಯಿತು. ತಿಂಗಳೊಳಗೆ ಮರುಪರೀಕ್ಷೆ, ಕಂಪ್ಯೂಟರ್ ಪಾಠ ಅಂದಿನಿಂದಲೇ ಬಂದ್, ಸೋಮವಾರದಿಂದ ಎಂಟಕ್ಕೆ ತರಗತಿ ಎಂದು ಹೆಗಡೆಯವರು ಮುಗಿಸಿದರು.

ಸಂಜೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಸುಚಿತಾ ಕೂತಿದ್ದಳು. ಸ್ಕೂಟರ್ ಓಡಿಸುವ ಮನಸ್ಸಿಲ್ಲದೆ ಶಾಲೆಯಲ್ಲೇ ಬಿಟ್ಟು ಬಂದಿದ್ದಳು. ದೇವಿ ಮೆಲ್ಲಗೆ ಬಂದು ಪಕ್ಕದಲ್ಲಿ ನಿಂತಳು.

“ಸುಚಿತಕ್ಕ, ಸಿಟ್ಟಾ?”

ಸುಚಿತಾ ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದಳು.

“ಆಣೆ ಮಾಡಿದ್ದೆ, ಗೊತ್ತುಂಟು. ಆ ವಾರ ಎಲ್ಲರಿಗೂ ವಾರ್ಡ್ ಡ್ಯೂಟಿ ಬಿತ್ತು. ಪ್ರಿಯಾ ಅತ್ತು ಕರೆದು ಮಾಡಿದ್ಲು. ಬಿಟ್ಟು ಹಾಕೂಕೆ ಮನ್ಸಾಗ್ಲಿಲ್ಲ.” ದೇವಿ ದುಪ್ಪಟ್ಟದ ತುದಿ ತಿರುವಿದಳು. “ಇವತ್ತು ನಿಜ ಹೇಳಿದ್ರೆ ನಮ್ಗೆಲ್ಲ ಒಂದು ವರ್ಷ ಹೋಗ್ತಿತ್ತು. ನಿಮ್ಗಾದ್ರೆ ಬೈಗುಳ, ಅಷ್ಟೇ. ಬ್ಯಾರೆ ಮೇಡಂ ಆಗಿದ್ರೆ ಅವ್ರ ಮೇಲೆ ಹಾಗೆ ಹಾಕೂಕೆ ನಂಗೆ ಧೈರ್ಯ ಬರ್ತಿರ್ಲಿಲ್ಲ. ನೀವು ನಮ್ಮವ್ರಲ್ದಾ? ತಡ್ಕಂತ್ರಿ ಅಂದೇಳಿ...”

ಕೇಳಿದಿರಾ ಮಾತನ್ನು! ಪರಕೀಯಳಾಗಿದ್ದರೆ ಉಳಿಯುತ್ತಿದ್ದಳಂತೆ. ನಮ್ಮವಳಾದದ್ದಕ್ಕೇ ಕತ್ತು ಕೊಯ್ದದ್ದಂತೆ. ಸುಚಿತಾಳಿಗೆ ಬೆಳಗಿನಿಂದ ತಡೆದಿದ್ದ ಅಳು ಒತ್ತರಿಸಿ ಬಂತು, ಆದರೆ ಇವಳೆದುರು ಅಳುವುದೇ ಎಂದು ಹಲ್ಲು ಕಚ್ಚಿದಳು.

“ಅಕ್ಕ, ಇನ್ನೊಂದು ಮಾತು. ಪಾಠ ಅಳಿಸ್ಬೇಡಿ. ಮರುಪರೀಕ್ಷೆಗೆ ಪ್ರಿಯಾಗೆ ಬೇಕಂತೆ. ಈ ಸಲ ನಿಜವಾಗ್ಲೂ ಒಬ್ಳೇ ಕೂತು ಕಲೀತಾಳಂತೆ.”

ಸುಚಿತಾ ತಲೆಯೆತ್ತಿದಳು. “ಅದ್ರಲ್ಲಿ ಯಾರಿಗೂ ಎಂತದೂ ತಿಳೀಲಿಲ್ಲಲ್ಲ. ನೀನು ಓದಿ ಕಲ್ತ ಪುಸ್ತಕ ಉಂಟಲ್ಲ, ಅದನ್ನೇ ಕೊಡು ಅವಳಿಗೆ.”

ಅಷ್ಟರಲ್ಲಿ ಭಟ್ಕಳದ ಬಸ್ಸು ಬಂತು. ಸುಚಿತಾ ಹತ್ತಿ ಕಿಟಕಿಯ ಪಕ್ಕ ಕೂತಳು. ದೇವಿ ಹಿಂದೆಯೇ ಹತ್ತಿ ಬಂದು, ಚಿಕ್ಕಂದಿನಿಂದ ಕೂರುತ್ತಿದ್ದ ಹಾಗೆ, ಅವಳ ಪಕ್ಕದಲ್ಲೇ ಕೂತಳು. ಸುಚಿತಾ ಎದ್ದಳು. ದೇವಿಯ ಮೊಣಕಾಲು ದಾಟಿ ಹೊರಗೆ ಬಂದು ಮೇಲಿನ ಕಂಬಿ ಹಿಡಿದಳು. ಧಾರೇಶ್ವರದಲ್ಲಿ ಜನ ಇಳಿದು ಸೀಟು ಖಾಲಿಯಾಯಿತು. “ಕೂತ್ಕಳಿ ಮೇಡಂ, ಜಾಗ ಉಂಟಲ್ಲ” ಎಂದು ಕಂಡಕ್ಟರ್ ಎರಡು ಸಲ ಹೇಳಿದ. ಅವಳು ಶರಾವತಿ ಸೇತುವೆ ದಾಟಿ ಕಾಸರಕೋಡ ಬರುವವರೆಗೂ ನಿಂತೇ ಇದ್ದಳು.